ಜಾಲತಾಣ ಯಾರಿಗಾಗಿ? ವಿನ್ಯಾಸಕ್ಕೆ ಮೊದಲು ಮಾಡಬೇಕಾದ ಕೆಲಸ

ಬೆಂಗಳೂರಿನಲ್ಲಿ ಸಣ್ಣ ಸಂಸ್ಥೆಯೊಂದು ಜಾಲತಾಣ ಮಾಡಿಸಲು ಹೊರಟಾಗ ಮೊದಲ ಮಾತುಕತೆ ಸಾಮಾನ್ಯವಾಗಿ ಬಣ್ಣ, ಲೋಗೋ, ಮುಖಪುಟದಲ್ಲಿ ಸರಿಯುವ ಚಿತ್ರಗಳು ಮತ್ತು ತಗಲುವ ವೆಚ್ಚದ ಸುತ್ತಲೇ ನಡೆಯುತ್ತದೆ. ಅಲ್ಲಿಗೆ ಯಾರು ಬರುತ್ತಾರೆ, ಏನನ್ನು ತಿಳಿಯಲು ಬರುತ್ತಾರೆ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಪುಟಗಳು ಸಿದ್ಧವಾಗಿರುತ್ತವೆ. ಬದಲಾಯಿಸಲು ಹಣವೂ ತಾಳ್ಮೆಯೂ ಉಳಿದಿರುವುದಿಲ್ಲ. ಆದ್ದರಿಂದ ವಿನ್ಯಾಸಕಾರರನ್ನು ಕರೆಯುವ ಮೊದಲೇ, ಈ ತಾಣದಲ್ಲಿ ಯಾರ ಕೆಲಸ ಮೊದಲು ಮುಗಿಯಬೇಕು ಎಂಬುದನ್ನು ನಿರ್ಧರಿಸಿ ಬರೆದಿಟ್ಟುಕೊಳ್ಳಬೇಕು. ಉಳಿದ ಎಲ್ಲ ತೀರ್ಮಾನಗಳೂ ಆ ಒಂದು ತೀರ್ಮಾನವನ್ನು ಅವಲಂಬಿಸಿವೆ.

ವಿಷಯ ಸ್ಪಷ್ಟವಾಗಲೆಂದು ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ ಎಂದು ಊಹಿಸಿಕೊಳ್ಳೋಣ. ಅಲ್ಲಿಗೆ ಬರುವ ರೋಗಿಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು ಎಂದುಕೊಂಡರೆ, ತಾಣವೂ ಅವರಿಗಾಗಿಯೇ ಇರಬೇಕು ಎಂದು ತಕ್ಷಣ ಅನ್ನಿಸುತ್ತದೆ. ಆದರೆ ಮಂಡಿ ನೋವಿರುವ ತಾಯಿಗಾಗಿ ಫೋನಿನಲ್ಲಿ ಹುಡುಕುವವರು ವೈಟ್‌ಫೀಲ್ಡ್‌ನ ಕಚೇರಿಯಲ್ಲಿ ಊಟದ ವಿರಾಮದಲ್ಲಿರುವ ಮಗನೋ ಮಗಳೋ ಆಗಿರಬಹುದು. ರೋಗಿಯನ್ನು ಕಳುಹಿಸಿಕೊಡುವ ಮೂಳೆ ವೈದ್ಯರು ಇನ್ನೊಂದು ಬಗೆಯವರು. ಅವರಿಗೆ ಬೇಕಾದದ್ದು ಚಿಕಿತ್ಸಕರ ವಿದ್ಯಾರ್ಹತೆ, ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯಲ್ಲಿ ಅವರಿಗಿರುವ ಅನುಭವ ಮತ್ತು ಒಂದು ನೇರ ದೂರವಾಣಿ ಸಂಖ್ಯೆ. ಸೇವೆಯನ್ನು ಪಡೆಯುವವರು, ತಾಣವನ್ನು ಓದುವವರು, ಹಣ ಕೊಡುವವರು ಮತ್ತು ಸಲಹೆ ಕೊಡುವವರು ಬೇರೆ ಬೇರೆ ವ್ಯಕ್ತಿಗಳಾಗಿರಬಹುದು ಎಂಬುದನ್ನು ಆರಂಭದಲ್ಲಿಯೇ ಗುರುತಿಸದಿದ್ದರೆ ಮುಂದಿನ ಯೋಜನೆಯೆಲ್ಲ ತಪ್ಪು ದಾರಿ ಹಿಡಿಯುತ್ತದೆ.

ಹಾಗಾದರೆ ಈ ಜನರನ್ನು ಅರಿಯುವುದು ಹೇಗೆ? ಮೀಟಿಂಗ್ ಕೊಠಡಿಯಲ್ಲಿ ಕುಳಿತು ಕಲ್ಪಿಸಿಕೊಳ್ಳುವುದಕ್ಕಿಂತ ಸಂಸ್ಥೆಯ ಮುಂಬಾಗಿಲಿನಲ್ಲಿ ಕಿವಿಗೊಡುವುದು ಬಹಳ ಹೆಚ್ಚು ಫಲ ಕೊಡುತ್ತದೆ. ಸ್ವಾಗತ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಮತ್ತು ಎದುರಿಗೆ ನಿಂತು ಜನ ಕೇಳುವ ಪ್ರತಿ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಬರೆದುಕೊಳ್ಳುವಂತೆ ಸಿಬ್ಬಂದಿಗೆ ಹೇಳಿ. ಹೆಸರು, ಸಂಖ್ಯೆ, ಕಾಯಿಲೆಯ ವಿವರ ಅದರಲ್ಲಿ ಬೇಡ. ‘ಲಿಫ್ಟ್ ಇದೆಯಾ?’, ‘ಆಟೋ ಬಾಗಿಲ ತನಕ ಬರುತ್ತಾ?’, ‘ಸಂಪಿಗೆ ರಸ್ತೆ ಮೆಟ್ರೋದಿಂದ ನಡೆದು ಬರಬಹುದಾ?’, ‘ಒಂದು ಸಲಕ್ಕೆ ಎಷ್ಟಾಗುತ್ತೆ, ಎಷ್ಟು ಸಲ ಬರಬೇಕು?’, ‘ಮನೆಗೇ ಬರ್ತೀರಾ?’ ಎಂಬಂಥ ಪ್ರಶ್ನೆಗಳು ದಿನವೂ ಮರುಕಳಿಸುತ್ತಿದ್ದರೆ, ತಾಣದ ಹೂರಣ ನಿಮ್ಮ ಕೈಗೆ ಸಿಕ್ಕಂತೆಯೇ. ಇವುಗಳಲ್ಲಿ ಲಿಫ್ಟ್‌ನ ಪ್ರಶ್ನೆಯನ್ನು ಯಾವ ಮಾಲೀಕರೂ ತಾವಾಗಿ ಊಹಿಸಲಾರರು, ಏಕೆಂದರೆ ಅವರು ಅಲ್ಲಿನ ಮೆಟ್ಟಿಲುಗಳನ್ನು ನಿತ್ಯವೂ ಸಲೀಸಾಗಿ ಹತ್ತುತ್ತಿರುತ್ತಾರೆ.

ಈ ದಾಖಲೆಯ ಜೊತೆಗೆ ಪ್ರತಿ ಬಗೆಯ ಕೆಲವರೊಡನೆ ಮಾತನಾಡಿ. ‘ನಿಮಗೆ ಎಂಥ ಜಾಲತಾಣ ಬೇಕು’ ಎಂದು ಕೇಳಬೇಡಿ; ಆ ಪ್ರಶ್ನೆಗೆ ಯಾರಿಂದಲೂ ಉಪಯುಕ್ತವಾದ ಉತ್ತರ ಬರುವುದಿಲ್ಲ. ಕಳೆದ ಬಾರಿ ಇಂಥ ಚಿಕಿತ್ಸೆ ಬೇಕಾದಾಗ ಹೇಗೆ ಹುಡುಕಿದಿರಿ, ಯಾವ ಪದಗಳನ್ನು ಟೈಪ್ ಮಾಡಿದಿರಿ, ಎಲ್ಲಿ ಅನುಮಾನ ಬಂತು, ಕೊನೆಗೆ ಯಾರ ಮಾತು ನಂಬಿದಿರಿ ಎಂದು ಕೇಳಿ. ನಡೆದು ಹೋದದ್ದನ್ನು ವಿವರಿಸುವಾಗ ಜನ ಹೆಚ್ಚು ನಿಖರವಾಗಿ ಮಾತನಾಡುತ್ತಾರೆ.

ಇನ್ನು ಆದ್ಯತೆಯ ವಿಚಾರ. ಎಲ್ಲರಿಗೂ ಸಮಾನ ಜಾಗ ಕೊಡುವ ಮುಖಪುಟದಲ್ಲಿ ಯಾರಿಗೂ ಬೇಕಾದದ್ದು ಬೇಗ ಸಿಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ನಾನಾದರೆ ಮೊದಲ ಸ್ಥಾನವನ್ನು ದೂರದಿಂದ ಹುಡುಕುತ್ತಿರುವ ಮಕ್ಕಳಿಗೂ, ಎರಡನೆಯದನ್ನು ರೋಗಿಗಳಿಗೂ ಕೊಟ್ಟು, ವೈದ್ಯರಿಗೆ ಒಂದು ಪ್ರತ್ಯೇಕ ಪುಟ ಮೀಸಲಿಡುತ್ತೇನೆ. ಬಳಿಕ ಪ್ರತಿ ಬಗೆಯವರ ಬಗ್ಗೆಯೂ ಅರ್ಧ ಪುಟದ ಟಿಪ್ಪಣಿ ಬರೆಯಬೇಕು: ಅವರು ಯಾವ ಸಂದರ್ಭದಲ್ಲಿ ಬರುತ್ತಾರೆ, ಯಾವ ಸಾಧನದಲ್ಲಿ ನೋಡುತ್ತಾರೆ, ಯಾವ ಆತಂಕ ಅವರಿಗಿದೆ, ಏನು ಮಾಡಿ ಹೊರಡಬೇಕು. ಟಿಪ್ಪಣಿಗೆ ಕಾಲ್ಪನಿಕ ಹೆಸರು ಮತ್ತು ಭಾವಚಿತ್ರ ಸೇರಿಸುವ ರೂಢಿಯಿದೆ. ಆದರೆ ಕೇಳಿಸಿಕೊಂಡ ಪ್ರಶ್ನೆಗಳ ಆಧಾರ ಅದಕ್ಕಿಲ್ಲದಿದ್ದರೆ ಹೆಸರಿನಿಂದ ಏನೂ ಪ್ರಯೋಜನವಿಲ್ಲ.

ಭಾಷೆಯ ಆಯ್ಕೆಯನ್ನು ಕೊನೆಗೆ ಉಳಿಸಿಕೊಳ್ಳುವುದು ನಮ್ಮ ನಗರದಲ್ಲಿ ಪದೇ ಪದೇ ಕಾಣುವ ದೋಷ, ಮತ್ತು ಇದರ ಬಗ್ಗೆ ನನಗೆ ನಿಜಕ್ಕೂ ಕಾಳಜಿಯಿದೆ. ಮೊದಲು ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಟ್ಟಿ, ಆಮೇಲೆ ಅದನ್ನೇ ಯಂತ್ರಾನುವಾದಕ್ಕೆ ಒಪ್ಪಿಸಿದರೆ ಕನ್ನಡದ ಪುಟ ಹೆಸರಿಗೆ ಮಾತ್ರ ಇರುತ್ತದೆ. ಯಾವ ಪುಟಗಳು ಕನ್ನಡದಲ್ಲಿ ಇರಲೇಬೇಕು ಎಂಬುದನ್ನು ಓದುಗರ ಟಿಪ್ಪಣಿ ನೋಡಿ ಈಗಲೇ ನಿರ್ಧರಿಸಿ, ಆ ಪುಟಗಳನ್ನು ಕನ್ನಡದಲ್ಲಿಯೇ ಯೋಚಿಸಿ ಬರೆಸಬೇಕು. ಕ್ಲಿನಿಕ್‌ನ ವಿಷಯದಲ್ಲಿ ದಾರಿ, ಸಮಯ, ಶುಲ್ಕ ಮತ್ತು ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳ ಪುಟಗಳು ಈ ಗುಂಪಿಗೆ ಸೇರುತ್ತವೆ. ಪಠ್ಯವೆಲ್ಲ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾರ್ವತ್ರಿಕ ಸಂಕೇತ ವ್ಯವಸ್ಥೆಯಲ್ಲಿ, ಇರಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕೂಡಿಟ್ಟ ಬರಹವನ್ನು ಪರಿವರ್ತಿಸದೆ ಹಾಕಿದರೆ, ಇಲ್ಲವೇ ಚಿತ್ರವಾಗಿ ಅಂಟಿಸಿದರೆ, ಸರ್ಚ್ ಎಂಜಿನ್‌ಗಳಿಗಾಗಲಿ ದೃಷ್ಟಿದೋಷವುಳ್ಳವರಿಗೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ ತಂತ್ರಾಂಶಗಳಿಗಾಗಲಿ ಅದನ್ನು ಸರಿಯಾಗಿ ಓದಲು ಆಗುವುದಿಲ್ಲ. ಒತ್ತಕ್ಷರಗಳು ಮುಂದಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕಾಗುತ್ತದೆ, ಮತ್ತು ನಮ್ಮ ಪದಗಳು ವಿಭಕ್ತಿ, ಪ್ರತ್ಯಯಗಳೊಡನೆ ಉದ್ದವಾಗುವುದರಿಂದ ಇಂಗ್ಲಿಷಿನ ಅಳತೆಗೆ ಮಾಡಿದ ಬಟನ್ನಿನಲ್ಲಿ ಅವು ಹಿಡಿಸುವುದಿಲ್ಲ. ವಿನ್ಯಾಸಕಾರರಿಗೆ ಕೊಡುವ ಸೂಚನೆಯಲ್ಲಿ ಇವೆಲ್ಲವೂ ಮೊದಲ ದಿನವೇ ಇರಬೇಕು.

ವಯಸ್ಸಾದವರು ಓದುತ್ತಾರೆಂದು ಟಿಪ್ಪಣಿ ಹೇಳಿದರೆ ಅದನ್ನು ಅಳೆಯಬಹುದಾದ ಬೇಡಿಕೆಯಾಗಿ ಬರೆಯಿರಿ. ಜಾಲತಾಣಗಳ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯು3ಸಿ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ, ಅಂಗವೈಕಲ್ಯವಿರುವವರೂ ತಾಣ ಬಳಸಲು ಆಗುವಂತೆ ಮಾಡುವ ಸುಗಮ್ಯತಾ ಮಾರ್ಗಸೂಚಿಯ 2.2ನೇ ಆವೃತ್ತಿ ಇದಕ್ಕೆ ಒಳ್ಳೆಯ ಆಧಾರ. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು, ಅಕ್ಷರಗಳನ್ನು ಶೇ 200ರವರೆಗೆ, ಅಂದರೆ ಎರಡು ಪಟ್ಟು, ಹಿಗ್ಗಿಸಿದರೂ ಪುಟ ಕೆಡಬಾರದು. ತಿಳಿ ಬೂದು ಅಕ್ಷರಗಳ ಮೋಹಕ ವಿನ್ಯಾಸವನ್ನು ಯಾರಾದರೂ ತಂದು ತೋರಿಸಿದಾಗ ನಿರಾಕರಿಸಲು ಈ ಸಂಖ್ಯೆಗಳು ನೆರವಾಗುತ್ತವೆ.

ಬಳಿಕ ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಚೀಟಿಗಳಲ್ಲಿ ಒಂದೊಂದಾಗಿ ಬರೆದು, ಸಂಸ್ಥೆಗೆ ಸೇರದ ಕೆಲವರಿಗೆ ಕೊಟ್ಟು, ತಮಗೆ ಸರಿತೋರಿದಂತೆ ಗುಂಪು ಮಾಡಿ ಹೆಸರಿಡಲು ಹೇಳಿ. ಆ ಗುಂಪುಗಳೇ ತಾಣದ ವಿಭಾಗಗಳಾಗುತ್ತವೆ. ಯಾವ ಪ್ರಶ್ನೆಗೂ ಉತ್ತರಿಸದ ಪುಟವನ್ನು ಪಟ್ಟಿಯಿಂದ ತೆಗೆಯಬೇಕು. ‘ನಮ್ಮ ಧ್ಯೇಯ’ ಎಂಬ ಪುಟ ಬಹುಪಾಲು ಇಲ್ಲಿಯೇ ಬಿದ್ದುಹೋಗುತ್ತದೆ. ಸಮಯ ಕಾಯ್ದಿರಿಸುವ ನಮೂನೆಯಿದ್ದರೆ ಅಗತ್ಯವಾದಷ್ಟೇ ಮಾಹಿತಿ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು ಎನ್ನುತ್ತದೆ. ಕನ್ನಡವೂ ಆ ಅನುಸೂಚಿಯಲ್ಲಿದೆ.

ಇಷ್ಟಾದ ಮೇಲೆ, ಬಣ್ಣಗಳಿಲ್ಲದೆ ಪೆನ್ಸಿಲಿನಲ್ಲಿ ಬರೆದ ಪುಟಗಳನ್ನೇ ಜನರ ಮುಂದಿಟ್ಟು ‘ಅಮ್ಮನನ್ನು ನಾಳೆ ಕರೆತರಬೇಕು, ಶುಲ್ಕ ಎಷ್ಟೆಂದು ಕಂಡುಹಿಡಿಯಿರಿ’ ಎಂಬಂಥ ಕೆಲಸ ಕೊಟ್ಟು, ಸಹಾಯ ಮಾಡದೆ ನೋಡಿ. ಐದು ಜನರ ಪರೀಕ್ಷೆಯೇ ತೊಡಕುಗಳಲ್ಲಿ ಸುಮಾರು ಶೇ 85ರಷ್ಟನ್ನು ತೋರಿಸುತ್ತದೆ ಎಂದು ತಾಣಗಳನ್ನು ಬಳಸುವುದು ಎಷ್ಟು ಸುಲಭ ಎಂಬುದನ್ನು ಅಧ್ಯಯನ ಮಾಡುವ ಬಳಕೆಯೋಗ್ಯತಾ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಲೆಕ್ಕ ಹಾಕಿದ್ದರು. ಆದರೆ ಬಳಕೆದಾರರು ತೀರ ಭಿನ್ನವಾದ ಮೂರು ಅಥವಾ ಹೆಚ್ಚು ಗುಂಪುಗಳಾಗಿದ್ದರೆ ಪ್ರತಿ ಗುಂಪಿನಿಂದ ಮೂವರಾದರೂ ಬೇಕೆಂದು ಅವರೇ ಸೇರಿಸಿದ್ದರು. ನಮ್ಮ ಕ್ಲಿನಿಕ್‌ಗೆ ಅನ್ವಯಿಸುವುದು ಈ ಎರಡನೆಯ ಮಾತು.

ತಾಣ ಫಲ ಕೊಟ್ಟಿದೆಯೇ ಎಂದು ಮುಂದೆ ಹೇಗೆ ತಿಳಿಯುವುದು ಎಂಬುದನ್ನೂ ಈ ಹಂತದಲ್ಲಿಯೇ ಬರೆದಿಡಿ. ದಾರಿ ಕೇಳುವ ಕರೆಗಳು ಕಡಿಮೆಯಾಗಬೇಕು ಎಂಬುದು ಒಳ್ಳೆಯ ಗುರಿ, ಏಕೆಂದರೆ ಹೋಲಿಸಲು ನೋಟ್‌ಬುಕ್ಕಿನ ಲೆಕ್ಕ ಈಗಾಗಲೇ ನಿಮ್ಮಲ್ಲಿದೆ. ಕೊನೆಯದಾಗಿ ಪ್ರತಿ ಪುಟದ ಎದುರೂ ಅದನ್ನು ತಿದ್ದುವ ಹೊಣೆ ಹೊತ್ತವರ ಹೆಸರಿರಲಿ. ಯುಗಾದಿಯ ರಜೆ, ಬದಲಾದ ಶುಲ್ಕ, ಹೊಸ ಸಮಯ ಇವುಗಳನ್ನು ಅದೇ ದಿನ ತಿದ್ದುವ ವ್ಯಕ್ತಿ ಸಿಗದಿದ್ದರೆ, ಆ ಮಾಹಿತಿಯನ್ನು ಪುಟದಲ್ಲಿ ಹಾಕದೆ ಫೋನ್ ಸಂಖ್ಯೆಯನ್ನಷ್ಟೇ ದೊಡ್ಡದಾಗಿ ಕೊಡುವಂತೆ ವಿನ್ಯಾಸಕಾರರಿಗೆ ತಿಳಿಸಿ.