ಮೊತ್ತ ಬಿಟ್ಟೆ, ಕಟ್ಟು ಹಿಡಿದೆ: ಕೈಯೆಣಿಕೆಯ ನನ್ನ ಅನುಭವ

ಯಂತ್ರ ಇರುವಾಗ ಸಂಘದ ಚುನಾವಣೆಯ ಮತಗಳನ್ನು ಕೈಯಲ್ಲಿ ಎಣಿಸುವ ಹುಚ್ಚು ಯಾಕೆ ಅಂತ ನಕ್ಕವರು ಈಗ ನನ್ನ ಟ್ಯಾಲಿ ಹಾಳೆಯ (ಮತಕ್ಕೊಂದು ಗೀಟು ಹಾಕುವ ಹಾಳೆ) ನಮೂನೆ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ನಮ್ಮ ಸಂಘದ್ದು 7 ಸ್ಥಾನ, 15-16 ಅಭ್ಯರ್ಥಿಗಳು, ಹೆಚ್ಚುಕಡಿಮೆ 1,800 ಮತಪತ್ರ. ಒಂದೇ ಪತ್ರದಲ್ಲಿ 7ರವರೆಗೆ ಗುರುತು ಇರುವುದರಿಂದ ಅಭ್ಯರ್ಥಿವಾರು ರಾಶಿ ಹಾಕುವ ಹಾಗಿಲ್ಲ.

ಹಿಂದಿನ ಸಲ ಗುರುತು ಓದಿ ಎಣಿಸುವ ಬಾಡಿಗೆ ಸ್ಕ್ಯಾನರ್ ಬಜೆಟ್ಟಿನ ಮೂರನೇ ಒಂದು ಪಾಲು ನುಂಗಿತ್ತು. ಅದಕ್ಕೆ ಹೊಂದುವ ದಪ್ಪ ಕಾಗದ, ವಿಶೇಷ ಮುದ್ರಣದ ಖರ್ಚು ಬೇರೆ. ನಾಲ್ಕಾಗಿ ಮಡಿಸಿ ಪೆಟ್ಟಿಗೆಗೆ ತುರುಕಿದ ಪತ್ರ ಸರಾಗವಾಗಿ ಹೋದೀತೇ? ಮಡಿಕೆಯ ಗೆರೆಯನ್ನೇ ಗುರುತು ಅಂದಿತು, ವೃತ್ತ ತುಂಬದೆ ಟಿಕ್ ಹಾಕಿದ್ದನ್ನು ಖಾಲಿ ಅಂದಿತು. ನೂರೈವತ್ತಕ್ಕೂ ಹೆಚ್ಚು ಪತ್ರಗಳು ಕೊನೆಗೆ ನಮ್ಮ ಕಣ್ಣಿನ ಮುಂದೆಯೇ ಬಂದವು. 2000ದ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಅಧಿಕಾರಿಗಳು ತೂತು ಹಾಕಿ ಮತ ಕೊಡುವ ಪಂಚ್ ಕಾರ್ಡಿನ ಅರೆಬರೆ ತೂತನ್ನು ಬೆಳಕಿಗೆ ಹಿಡಿದು ನೋಡಿದ್ದೂ ಇದೇ ಪಾಡು.

ಹಾಗಂತ ಕೈಯೆಣಿಕೆ ಸಾಚಾ ಅಂತಲ್ಲ. ಒಬ್ಬ ಕೂಗಿ ಇನ್ನೊಬ್ಬ ಗೀಟು ಹಾಕುವ ಹಳೇ ಪದ್ಧತಿಯಲ್ಲಿ ಊಟದ ನಂತರ ತಪ್ಪು ಶುರು. ಮೊತ್ತ ತಾಳೆಯಾಯಿತು ಅಂದರೂ ನಂಬಬೇಡಿ. ಒಂದು ಕಡೆ ಹೆಚ್ಚಿದ್ದು, ಇನ್ನೊಂದು ಕಡೆ ತಗ್ಗಿದ್ದು ಎರಡೂ ಅಲ್ಲೇ ಅಡಗಿ ಕೂತಿರುತ್ತವೆ.

ಮತಯಂತ್ರದ ಜೊತೆಗಿರುವ ವಿವಿಪ್ಯಾಟ್ ಮುದ್ರಿಸುವ ಚೀಟಿಗಳನ್ನು 25ರ ಕಟ್ಟು ಮಾಡಿ ಎಣಿಸುತ್ತಾರಲ್ಲ, ಅದನ್ನೇ ಎತ್ತಿಕೊಂಡೆ. ಕಟ್ಟಿಗೊಂದು ನಂಬರು. ಕೂಗುವವನೊಬ್ಬ, ಅವನ ಹೆಗಲ ಮೇಲಿಂದ ಪತ್ರ ನೋಡುವವನೊಬ್ಬ, ಬೆನ್ನಿಗೆ ಬೆನ್ನು ಹಾಕಿ ಕೂತು ಬರೆಯುವವರು ಇಬ್ಬರು. ಬಿದ್ದ ಗುರುತು, ಖಾಲಿ ಬಿಟ್ಟದ್ದು, ತಿರಸ್ಕೃತ ಪತ್ರಕ್ಕೆ 7ರಂತೆ, ಎಲ್ಲ ಕೂಡಿದರೆ ಕಟ್ಟಿಗೆ 175 (25 ಪತ್ರ, ತಲಾ 7) ಬರಲೇಬೇಕು. ಬರದಿದ್ದರೆ ಆ ಕಟ್ಟು ಮಾತ್ರ ಮತ್ತೆ. ಮೂರು ಮೇಜಿನಲ್ಲಿ ಮೂರು ಗಂಟೆ ಚಿಲ್ಲರೆಗೆ ಮುಗಿಯಿತು. ಊಟ, ಕಾಗದ, ರಬ್ಬರ್ ಬ್ಯಾಂಡ್ ಸೇರಿ ಖರ್ಚು ಸ್ಕ್ಯಾನರ್ ಬಾಡಿಗೆಯ ಕಾಲುಭಾಗವೂ ಆಗಲಿಲ್ಲ. ಯಾರ ಜೊತೆ ಯಾರನ್ನು ಕೂರಿಸಬೇಕು ಅನ್ನುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಮೊಬೈಲಿನಲ್ಲಿ ಫೋಟೋ ಹೊಡೆದು ಎಣಿಸುವ ಪ್ರಯೋಗವೂ ಮಾಡಿದೆ; ಟ್ಯೂಬ್‌ಲೈಟಿನ ಹೊಳಪಿಗೆ ಅರ್ಧ ಕೆಟ್ಟವು. ಎಣಿಕೆಯ ನಂತರ ಆಫೀಸಿನ ಮಾಮೂಲಿ ಸ್ಕ್ಯಾನರಿಗೆ ಕಟ್ಟುಕಟ್ಟಾಗಿ ಕೊಟ್ಟಾಗ ಎಂಟೋ ಒಂಬತ್ತೋ ಕಟ್ಟುಗಳಲ್ಲಿ ವ್ಯತ್ಯಾಸ. ಬಿಚ್ಚಿ ನೋಡಿದರೆ ಒಂದು ಬಿಟ್ಟು ಉಳಿದದ್ದೆಲ್ಲ ಯಂತ್ರದ ತಪ್ಪು. ಆ ಒಂದು ಸಿಕ್ಕಿದ್ದಕ್ಕೇ ಯಂತ್ರವನ್ನು ಪೂರ್ತಿ ಹೊರಗಿಡಲು ನನಗೆ ಮನಸ್ಸಿಲ್ಲ.

ಕೊನೆಯ ಸ್ಥಾನಕ್ಕೆ ಅಂತರ ನಾಲ್ಕೈದು ಮತ. ಸೋತವರ ಏಜೆಂಟರು ಮರುಎಣಿಕೆ ಕೇಳಿದರು. ಯಾವ ಕಟ್ಟು ಬೇಕೋ ನಂಬರು ಹೇಳಿ ಅಂದೆ. ಐದು ಬಿಚ್ಚಿಸಿದರು. ಐದೂ ತಾಳೆ.