ಫ್ರಿಜ್ ಕೆಟ್ಟಿದೆಯಾ? ನಂಬಿಕಸ್ತ ಮೆಕ್ಯಾನಿಕ್ ಹುಡುಕುವುದು ಹೀಗೆ

ಕಳೆದ ಏಪ್ರಿಲ್‌ನಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಫ್ರಿಜ್ ತಣ್ಣಗಾಗುವುದನ್ನೇ ನಿಲ್ಲಿಸಿತು. ಬೆಳಿಗ್ಗೆ ಬಾಗಿಲು ತೆಗೆದರೆ ನಂದಿನಿ ಹಾಲು ಒಡೆದಿತ್ತು. ದೋಸೆ ಹಿಟ್ಟು ಪಾತ್ರೆಯಿಂದ ಉಕ್ಕಿ ಕೆಳಗಿನ ತರಕಾರಿ ಡಬ್ಬಿಗೆ ಇಳಿದಿತ್ತು. ಗಾಬರಿಯಲ್ಲಿ ಫೋನಿನಲ್ಲಿ ಹುಡುಕಿ, ಮೊದಲು ಸಿಕ್ಕ ನಂಬರಿಗೆ ಕರೆ ಮಾಡಿದೆ. ಬಂದವರು ಹಿಂದೆ ಒಮ್ಮೆ ಕೈಯಿಟ್ಟು ನೋಡಿ, ‘ಗ್ಯಾಸ್ ಖಾಲಿಯಾಗಿದೆ’ ಎಂದು ತುಂಬಿಸಿ ಹೋದರು. ಒಂದೂವರೆ ತಿಂಗಳಿಗೆ ಮತ್ತೆ ಅದೇ ಕಥೆ. ಎರಡನೆಯವರೂ ಗ್ಯಾಸ್ ತುಂಬಿಸಿ ದುಡ್ಡು ತೆಗೆದುಕೊಂಡರು. ಮೂರನೆಯವರು ಬಂದ ಮೇಲೆಯೇ ನಿಜವಾದ ತೊಂದರೆ ಗೊತ್ತಾಗಿದ್ದು. ಅವರ ಅಂಗಡಿ ಇದ್ದದ್ದು ನಮ್ಮ ಮನೆಯಿಂದ ಎರಡೇ ಬೀದಿ ಆಚೆ.

ಮೊದಲೇ ಅಂಥವರನ್ನು ಹುಡುಕಿಕೊಳ್ಳುವುದು ಹೇಗೆ?

ಕರೆ ಮಾಡುವ ಮುಂಚೆ

ಐದು ನಿಮಿಷ ನೀವೇ ನೋಡಿ. ಒಳಗಿನ ಲೈಟ್ ಬರುತ್ತಿಲ್ಲವಾದರೆ ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ, ತೊಂದರೆ ಸಾಕೆಟ್‌ನದ್ದೇ ಇರಬಹುದು. ಮನೆಯ ಬಲ್ಬುಗಳೆಲ್ಲ ಮಂಕಾಗಿ ಉರಿಯುತ್ತಿದ್ದರೆ ವೋಲ್ಟೇಜ್ ಕಡಿಮೆ ಇದೆ ಎಂದರ್ಥ. ಅದಕ್ಕೆ ನಮ್ಮ ಕಡೆ ಕರೆಂಟ್ ಕೊಡುವ ಸೆಸ್ಕ್‌ ಕಂಪನಿಯವರ 1912ಕ್ಕೆ ಹೇಳಬೇಕು, ಮೆಕ್ಯಾನಿಕ್‌ಗಲ್ಲ. ಬಾಗಿಲಿನ ರಬ್ಬರ್‌ಗೆ ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಆ ರಬ್ಬರ್, ಅಂದರೆ ಗ್ಯಾಸ್ಕೆಟ್, ಸಡಿಲವಾಗಿದೆ. ಹಿಂದೆ ಕಪ್ಪು ಕಾಯಿಲ್ ಕಾಣುವ ಹಳೆಯ ಫ್ರಿಜ್ ಆದರೆ, ಪ್ಲಗ್ ತೆಗೆದು ಅದರ ಧೂಳು ಒರೆಸಿ.

ಇಷ್ಟಕ್ಕೂ ಸರಿಹೋಗದಿದ್ದರೆ ಕಿವಿಗೊಟ್ಟು ಕೇಳಿ. ಹಿಂದುಗಡೆ ಆಗಾಗ ‘ಟಕ್’ ಅಂದು ಸುಮ್ಮನಾಗುತ್ತಿದೆಯಾ? ಅದು ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಸ್ಟಾರ್ಟ್ ಆಗಲು ಒದ್ದಾಡುವ ಸದ್ದು. ಕಂಪ್ರೆಸರ್ ಹೋಗಿದೆ ಎಂದೇ ಅಲ್ಲ, ರಿಲೇ ಎಂಬ ಸಣ್ಣ ಭಾಗ ಕೆಟ್ಟರೂ ಹಾಗೇ ಆಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಬರುವವರು ಬೇಕಾದ ಸಾಮಾನು ಜೊತೆಗೇ ತರುತ್ತಾರೆ. ಫ್ರಿಜ್ ಮೇಲಿನ ಸ್ಟಿಕ್ಕರ್‌ನ ಫೋಟೋ ತೆಗೆದಿಡಿ. ಮಾಡೆಲ್ ನಂಬರ್ ಮಾತ್ರವಲ್ಲ, ಒಳಗಿರುವ ಗ್ಯಾಸ್ ಯಾವುದು, ಎಷ್ಟು ಗ್ರಾಂ ಎಂದೂ ಅಲ್ಲಿ ಬರೆದಿರುತ್ತದೆ.

ವಾರಂಟಿ ಕಾರ್ಡ್ ಹುಡುಕಿ. ಇಡೀ ಫ್ರಿಜ್‌ಗೆ ಸಾಮಾನ್ಯವಾಗಿ 1 ವರ್ಷ ಇದ್ದರೂ, ಎಷ್ಟೋ ಕಂಪನಿಗಳು ಕಂಪ್ರೆಸರ್‌ಗೆ 10 ವರ್ಷ ಕೊಡುತ್ತವೆ. ವಾರಂಟಿ ಇದ್ದರೆ ಹೊರಗಿನವರ ಕೈಗೆ ಕೊಡಲೇಬೇಡಿ. ಕಂಪನಿಯ ನಂಬರನ್ನು ಕಾರ್ಡಿನಿಂದಲೇ ತೆಗೆದುಕೊಳ್ಳಿ. ಹುಡುಕಿದಾಗ ಮೇಲೆ ಬರುವ ‘ಕಸ್ಟಮರ್ ಕೇರ್’ ನಂಬರುಗಳಲ್ಲಿ ಮೋಸದವೂ ಇರುತ್ತವೆ. ಆ ಕಡೆಯವರು ಮೊಬೈಲಿಗೆ ಏನಾದರೂ ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಾರನ್ನು ಕೇಳಬೇಕು?

ನನ್ನ ಅನುಭವದಲ್ಲಿ, ನಿಮ್ಮ ಬೀದಿಯ ನಂದಿನಿ ಬೂತ್, ಬೇಕರಿ, ಮೆಡಿಕಲ್ ಸ್ಟೋರ್‌ನವರನ್ನು. ಅವರ ಫ್ರಿಜ್ ದಿನವಿಡೀ ಓಡಬೇಕು. ಅರ್ಧ ದಿನ ನಿಂತರೂ ನಷ್ಟ. ಹಾಗಾಗಿ ಕರೆದ ಕೂಡಲೇ ಬರುವವರು, ಮಾಡಿದ ಕೆಲಸ ನಿಲ್ಲುವಂತೆ ಮಾಡುವವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಮೂರನೆಯವರ ನಂಬರ್ ಕೊಟ್ಟಿದ್ದು ಹಾಲಿನ ಬೂತಿನವರೇ.

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಕೇಳಬಹುದು. ಆದರೆ ‘ಯಾರಾದರೂ ಗೊತ್ತಾ?’ ಎಂದಷ್ಟೇ ಕೇಳಬೇಡಿ. ‘ರಿಪೇರಿ ಮಾಡಿಸಿ ಆರು ತಿಂಗಳಾದ ಮೇಲೂ ಸರಿಯಾಗಿದೆಯಾ?’ ಎಂದು ಕೇಳಿ.

ಅಂಗಡಿ ಇರುವವರನ್ನೇ ಆರಿಸಿಕೊಳ್ಳಿ. ನಾಳೆ ಮತ್ತೆ ಕೆಟ್ಟರೆ ಹೋಗಿ ಕೇಳಲು ಒಂದು ಬಾಗಿಲು ಬೇಕಲ್ವಾ? ಫೋನಿನಲ್ಲೇ ವಿಸಿಟಿಂಗ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಬಿಲ್‌ನಲ್ಲಿ ಕಳೆಯುತ್ತಾರಾ, ಕೆಲಸಕ್ಕೆ ಎಷ್ಟು ದಿನ ಗ್ಯಾರಂಟಿ ಎಂದು ಕೇಳಿಬಿಡಿ. ಮಂಡ್ಯ ಸುತ್ತಮುತ್ತಲ ಹಳ್ಳಿಯಲ್ಲಿದ್ದರೆ ಓಡಾಟದ ಖರ್ಚನ್ನೂ ಮೊದಲೇ ಮಾತಾಡಿಕೊಳ್ಳಿ.

‘ಗ್ಯಾಸ್ ಖಾಲಿ’ ಅಂದರೆ

ಇದೊಂದನ್ನು ದಯವಿಟ್ಟು ನೆನಪಿಡಿ. ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರ್‌ನ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ.

ಮೂರನೆಯವರು ಪೈಪಿಗೆ ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆಯನ್ನು ಬ್ರಷ್‌ನಲ್ಲಿ ಒಂದೊಂದೇ ಜಾಯಿಂಟಿಗೆ ಹಚ್ಚುತ್ತಾ ಬಂದರು. ಅಲ್ಲೆಲ್ಲೂ ಏನೂ ಕಾಣಲಿಲ್ಲ. ಆಮೇಲೆ ಫ್ರೀಜರ್ ಒಳಗೆ ಹಚ್ಚಿದರು. ‘ನೋಡಿ ಅಕ್ಕ, ಇಲ್ಲಿ’ ಅಂದರು. ಎಡಗಡೆ ಗೋಡೆಯ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ಒಡೆಯಿತು, ಮತ್ತೆ ಎದ್ದಿತು. ‘ಚಾಕು ಹಾಕಿದ್ರಾ?’ ಎಂದು ಕೇಳಿದರು. ಹೌದು, ಹಾಕಿದ್ದೆ. ಸಂಕ್ರಾಂತಿ ಹೊತ್ತಿಗೆ ಕಟ್ಟಿಟ್ಟಿದ್ದ ಹಿತಕಿದ ಅವರೆಬೇಳೆ ಪೊಟ್ಟಣ ಮಂಜಿಗೆ ಅಂಟಿಕೊಂಡಿತ್ತು. ಅದನ್ನು ಚಾಕುವಿನಿಂದ ಮೀಟಿ ತೆಗೆದಿದ್ದೆ. ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಫ್ರೀಜರ್ ಗೋಡೆ ತೆಳ್ಳನೆ ಅಲ್ಯೂಮಿನಿಯಂ, ಗ್ಯಾಸ್ ಓಡುವುದು ಅದರೊಳಗೇ. ಕೊನೆಗೆ ಫ್ರೀಜರ್ ಡಬ್ಬಿಯನ್ನೇ ಬದಲಿಸಬೇಕಾಯಿತು.

ಒಳ್ಳೆ ಮೆಕ್ಯಾನಿಕ್ ಲೀಕ್ ಮುಚ್ಚಿದ ಮೇಲೆ ಹೊಸ ಫಿಲ್ಟರ್ ಹಾಕುತ್ತಾರೆ, ಪಂಪ್ ಇಟ್ಟು ಒಳಗಿನ ಗಾಳಿ ಮತ್ತು ತೇವ ಎಳೆಯುತ್ತಾರೆ, ಸ್ಟಿಕ್ಕರ್‌ನಲ್ಲಿರುವಷ್ಟೇ ಗ್ಯಾಸನ್ನು ತೂಕ ಮಾಡಿ ತುಂಬುತ್ತಾರೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಆರ್-600ಎ ಎಂಬ ಗ್ಯಾಸ್ ಇರುತ್ತದೆ. ಅದು ಬೆಂಕಿ ಹಿಡಿಯುವಂಥದ್ದು. ಕೆಲಸ ನಡೆಯುವಾಗ ಕಿಟಕಿ ತೆರೆದಿಡಿ, ಅಡುಗೆ ಒಲೆ, ದೇವರ ದೀಪ ಎರಡನ್ನೂ ಆರಿಸಿ. ಸ್ಟಿಕ್ಕರ್ ನೋಡದೆ ‘ಯಾವ ಗ್ಯಾಸ್ ಆದರೂ ನಡೆಯುತ್ತೆ’ ಎನ್ನುವವರನ್ನು ಅಲ್ಲಿಗೇ ನಿಲ್ಲಿಸಿ.

ದುಡ್ಡು ಕೊಡುವ ಮುಂಚೆ

ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಏನು ಕೆಲಸ, ಯಾವ ಭಾಗ, ಎಷ್ಟು ದಿನ ಗ್ಯಾರಂಟಿ ಎಂದು ಬಿಲ್‌ನಲ್ಲಿ ಬರೆಸಿ. ಫ್ರಿಜ್ಜನ್ನೇ ಅಂಗಡಿಗೆ ಒಯ್ಯುವುದಾದರೆ ಸೀರಿಯಲ್ ನಂಬರ್ ಸಮೇತ ಚೀಟಿ ಇರಲಿ.

ಬಿಲ್ ಇದ್ದೂ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿವರೆಗಿನ ವ್ಯವಹಾರವಾದರೆ ಅಲ್ಲಿ ದೂರು ಕೊಡಲು ಶುಲ್ಕವಿಲ್ಲ. ನನ್ನ ಹತ್ತಿರ ಮೊದಲ ಎರಡು ಸಲದ ಬಿಲ್ ಇರಲಿಲ್ಲ, ಆ ದುಡ್ಡು ವಾಪಸ್ ಬರಲಿಲ್ಲ. ಈಗ ಫ್ರಿಜ್ ಪಕ್ಕಕ್ಕೆ ಒಂದು ಚೀಟಿ ಅಂಟಿಸಿದ್ದೇನೆ. ರಿಪೇರಿಯಾದ ತಾರೀಖು, ತುಂಬಿದ ಗ್ಯಾಸ್ ಎಷ್ಟು ಗ್ರಾಂ, ಅಂಗಡಿಯ ನಂಬರ್. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ಚಾಕು ಹಾಕಬೇಡಿ.’