ಓದಿನ ಶಿಬಿರ ಫಲ ಕೊಟ್ಟಿತೇ? ಅಳೆಯುವುದು ಹೀಗೆ

ಹಳ್ಳಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಿನ ಶಿಬಿರ ನಡೆಸಿದವರನ್ನು ಹೇಗಾಯ್ತು ಎಂದು ಕೇಳಿದರೆ, 'ಎಂಬತ್ತು ಮಕ್ಕಳು ಬಂದಿದ್ದರು' ಎನ್ನುತ್ತಾರೆ. ಬಂದದ್ದು ಸಂತೋಷವೇ. ಆದರೆ ತಡವರಿಸುತ್ತಿದ್ದ ಮಗು ಈಗ ಸರಾಗವಾಗಿ ಓದುತ್ತಿದೆಯೇ ಎಂಬುದು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ.

ಮೊದಲು ಗುರಿ ಬರೆದಿಡಿ. 'ಓದಿನ ಅಭಿರುಚಿ ಬೆಳೆಸುವುದು' ಎಂದರೆ ಅಳೆಯಲು ಏನೂ ಉಳಿಯುವುದಿಲ್ಲ. 'ಪದಗಳನ್ನಷ್ಟೇ ಓದುವ ಮಗು ನಾಲ್ಕು ವಾರದಲ್ಲಿ ಚಿಕ್ಕ ಪ್ಯಾರಾ ಓದಬೇಕು' ಎಂದು ಬರೆಯಿರಿ.

ಎರಡನೆಯದು ಮೊದಲ ದಿನದ ಪರೀಕ್ಷೆ. ಹೆಚ್ಚಿನವರು ಬಿಡುವುದು ಇದನ್ನೇ. ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕದ ಮಟ್ಟ ನೋಡುವ, 2005ರಲ್ಲಿ ಶುರುವಾದ 'ಅಸರ್' (ASER) ಸಮೀಕ್ಷೆಯ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಎಂಬ ನಾಲ್ಕು ಮೆಟ್ಟಿಲುಗಳಿವೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಪ್ಯಾರಾದಿಂದ ಶುರು ಮಾಡಿ. ಸರಾಗವಾಗಿ ಓದಿದರೆ ಕಥೆ ಕೊಡಿ, ತೊಡಕಿದರೆ ಪದಗಳಿಗೆ ಇಳಿಯಿರಿ. ಎಲ್ಲಿ ತೊಡಕಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ: ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ? ನನ್ನ ಮಟ್ಟಿಗೆ ಅಂಕಕ್ಕಿಂತ ಈ ಗುರುತೇ ಹೆಚ್ಚು ಬೆಲೆಯುಳ್ಳದ್ದು. ನಾಳೆ ಏನು ಕಲಿಸಬೇಕೆಂದು ಹೇಳುವುದು ಅದೇ.

ಎರಡು ವಾರವಾದಾಗ ಮತ್ತೆ ನೋಡಿ. ಪದದ ಮೆಟ್ಟಿಲಲ್ಲೇ ನಿಂತವರು ಹೆಚ್ಚಿದ್ದರೆ ಪಾಠದ ಕ್ರಮ ಬದಲಿಸಿ. ತರಗತಿಯ ಪ್ರಕಾರ ಕೂರಿಸುವುದನ್ನು ಬಿಟ್ಟು ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ. ಐದನೇ ತರಗತಿಯ ಹುಡುಗ ಚಿಕ್ಕವರ ಜೊತೆ ಕೂರಲು ನಾಚಿದರೆ ಗುಂಪುಗಳಿಗೆ ಹೂವಿನ ಹೆಸರಿಡಿ. ಮೆಟ್ಟಿಲಿನ ಹೆಸರು ಮಕ್ಕಳ ಕಿವಿಗೆ ಬೀಳಬಾರದು.

ಕೊನೆಯ ಪರೀಕ್ಷೆಗೆ ಅದೇ ಮಟ್ಟದ ಬೇರೆ ಪ್ಯಾರಾ ಕೊಡಿ; ಹಳೆಯದು ಬಾಯಿಪಾಠವಾಗಿರುತ್ತದೆ. ಶಾಲೆಯೂ ನಡೆಯುತ್ತಿದ್ದರೆ ಕಲಿತದ್ದೆಲ್ಲ ಶಿಬಿರದ್ದೆನ್ನಲಾಗದು. ಶಿಬಿರಕ್ಕೆ ಸೇರದ ಕೆಲವು ಮಕ್ಕಳನ್ನೂ ಎರಡೂ ಸಲ ಓದಿಸಿ ನೋಡಿದರೆ ಅಂದಾಜು ಸಿಗುತ್ತದೆ.

ನಡುವೆ ಬಿಟ್ಟುಹೋದವರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಉಳಿದವರನ್ನಷ್ಟೇ ಎಣಿಸಿದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅವರ ಮನೆಗೆ ಹೋಗಿ ಕಾರಣ ಕೇಳಿ. ಸಂಜೆ ತಮ್ಮನನ್ನು ನೋಡಿಕೊಳ್ಳಬೇಕಾದ್ದರಿಂದ ಹುಡುಗಿ ಬರುತ್ತಿಲ್ಲವೆಂದರೆ, ತಮ್ಮನನ್ನೂ ಕರೆತರಲು ಹೇಳಿ, ಅವನ ಕೈಗೊಂದು ಚಿತ್ರದ ಪುಸ್ತಕ ಕೊಡಿ.